ಎದೆ ಬಡಿತದ ಮಾತ್ರೆ ಶುರು ಮಾಡಿದ್ದೀರಾ? ಬೀಟಾ ಬ್ಲಾಕರ್ ಬಗ್ಗೆ ಹಂತ ಹಂತದ ಮಾರ್ಗದರ್ಶಿ

ಇಸಿಜಿ ತೆಗೆದಾಯಿತು, ಎಕೋ ಆಯಿತು. ಡಾಕ್ಟರ್ ಚೀಟಿಯಲ್ಲಿ ಮೆಟೊಪ್ರೊಲಾಲ್ ಅಂತಲೋ ಬಿಸೊಪ್ರೊಲಾಲ್ ಅಂತಲೋ ಬರೆದು, ‘ದಿನಾ ತಗೊಳ್ಳಿ, ತಿಂಗಳು ಬಿಟ್ಟು ಬನ್ನಿ’ ಎಂದು ಕಳಿಸಿದರು. ಹೊರಗೆ ಜನ ಸಾಲಾಗಿ ಕಾಯುತ್ತಿರುವಾಗ ಅವರು ಇನ್ನೆಷ್ಟು ವಿವರಿಸಿಯಾರು? ಉಳಿದ ಪ್ರಶ್ನೆಗಳೆಲ್ಲ ಬರುವುದು ನಾನು ನಿಲ್ಲುವ ಮೆಡಿಕಲ್ ಶಾಪ್ ಕೌಂಟರಿಗೆ. ‘ಊಟಕ್ಕೆ ಮುಂಚೆನಾ, ಆಮೇಲಾ?’ ‘ನಾಡಿ 54 ಬಂತು, ತಗೊಳ್ಳೋದಾ ಬೇಡ್ವಾ?’ ‘ಈಗ ಆರಾಮಿದೀನಿ, ಬಿಡಬಹುದಾ?’

ಇವು ಬೀಟಾ ಬ್ಲಾಕರ್ ಎಂಬ ಗುಂಪಿನ, ತುಂಬಾ ಹಳೆಯ, ಚೆನ್ನಾಗಿ ಪರಿಚಯವಿರುವ ಮಾತ್ರೆಗಳು. ಸ್ಕಾಟ್ಲೆಂಡಿನ ಜೇಮ್ಸ್ ಬ್ಲ್ಯಾಕ್ 1960ರ ದಶಕದಲ್ಲಿ ಈ ಗುಂಪಿನ ಪ್ರೊಪ್ರನೊಲಾಲ್ ಕಂಡುಹಿಡಿದರು, 1988ರಲ್ಲಿ ಅವರಿಗೆ ನೊಬೆಲ್ ಬಂತು. ಅಂದಿನಿಂದ ಕೋಟ್ಯಂತರ ಜನ ನುಂಗಿದ್ದಾರೆ. ಆದರೂ ಎಡವಟ್ಟು ಆಗುತ್ತಲೇ ಇರುತ್ತದೆ. ನಾನು ನೋಡಿದ ಮಟ್ಟಿಗೆ, ಸರಿಯಾಗಿ ನುಂಗಿ ತೊಂದರೆಪಟ್ಟವರು ಕಡಿಮೆ. ತಟ್ಟನೆ ಬಿಟ್ಟವರು, ಒಂದರ ಬದಲು ಇನ್ನೊಂದು ನುಂಗಿದವರು, ಗೊತ್ತಿಲ್ಲದೆ ಬೇರೆ ಮಾತ್ರೆ ಜೊತೆ ಸೇರಿಸಿಕೊಂಡವರು ಜಾಸ್ತಿ. ಈ ಬರಹದ ಹೆಚ್ಚಿನ ಜಾಗ ಅದಕ್ಕೇ ಹೋಗುತ್ತದೆ. ಇದು ಡಾಕ್ಟರ್ ಮಾತಿಗೆ ಬದಲಿ ಅಲ್ಲ. ಡೋಸ್ ಏರಿಸುವುದು ಇಳಿಸುವುದು ಅವರ ಕೆಲಸ. ಅವರು ಕೊಟ್ಟದ್ದನ್ನು ಸರಿಯಾಗಿ ಬಳಸುವುದು ನಮ್ಮ ಕೆಲಸ.

ಹಂತ 1: ನಿಮ್ಮ ತೊಂದರೆಯ ಹೆಸರು ಕೇಳಿ ಬರೆದಿಟ್ಟುಕೊಳ್ಳಿ

‘ಎದೆ ಬಡಿತ ಏರುಪೇರು’ ಅನ್ನುವುದು ಒಂದೇ ಕಾಯಿಲೆ ಅಲ್ಲ. ಯಾವ ಬಗೆಯದು ಎಂಬುದರ ಮೇಲೆ ಈ ಮಾತ್ರೆಯ ಕೆಲಸವೂ ಬದಲಾಗುತ್ತದೆ.

ಸಿಟ್ಟು, ಭಯ, ಓಟ ಇದ್ದಾಗ ಮೈಯಲ್ಲಿ ಅಡ್ರಿನಲಿನ್ ಏರಿ ಹೃದಯವನ್ನು ಓಡಿಸುತ್ತದೆ. ಬೀಟಾ ಬ್ಲಾಕರ್ ಆ ಅಡ್ರಿನಲಿನ್‌ಗೆ ಅಡ್ಡ ನಿಲ್ಲುತ್ತದೆ. ಬಡಿತ ನಿಧಾನ ಆಗುತ್ತದೆ. ಹೃದಯದ ಮೇಲಿನ ಕೋಣೆಗಳಿಂದ ಕೆಳಗಿನ ಕೋಣೆಗಳಿಗೆ ಹೋಗುವ ಕರೆಂಟು ಎವಿ ನೋಡ್ ಎಂಬ ಜಾಗದಲ್ಲಿ ತಡವಾಗಿ ದಾಟುತ್ತದೆ. ಬಿಪಿಯೂ ಸ್ವಲ್ಪ ಇಳಿಯುತ್ತದೆ.

ವಯಸ್ಸಾದವರಲ್ಲಿ ಹೆಚ್ಚು ಕಾಣುವುದು ಏಟ್ರಿಯಲ್ ಫಿಬ್ರಿಲೇಶನ್, ಚೀಟಿಯಲ್ಲಿ ಎಎಫ್ ಅಂತ ಬರೆದಿರುತ್ತಾರೆ. ಮೇಲಿನ ಕೋಣೆಗಳು ತಾಳ ತಪ್ಪಿ ಸುಮ್ನೆ ನಡುಗುತ್ತಿರುತ್ತವೆ. ಇಲ್ಲಿ ಬೀಟಾ ಬ್ಲಾಕರ್ ವೇಗವನ್ನು ಹತೋಟಿಗೆ ತರುತ್ತದೆ, ತಾಳವನ್ನು ಸರಿ ಮಾಡುವುದು ಅಪರೂಪ. ಮಾತ್ರೆ ತಗೊಂಡರೂ ನಾಡಿ ಹೆಚ್ಚುಕಡಿಮೆ ಬೀಳುತ್ತಲೇ ಇದೆ ಎಂದು ಹೆದರಬೇಡಿ. ಇದಕ್ಕಿಂತ ಮುಖ್ಯವಾದದ್ದು ಒಂದಿದೆ. ಎಎಫ್‌ನಲ್ಲಿ ಹೃದಯದೊಳಗೆ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋಗಿ ಲಕ್ವ ಹೊಡೆಯಬಹುದು. ಅದನ್ನು ಬೀಟಾ ಬ್ಲಾಕರ್ ತಡೆಯುವುದಿಲ್ಲ. ಅದಕ್ಕೆ ರಕ್ತ ತೆಳು ಮಾಡುವ ಮಾತ್ರೆ ಬೇರೆ ಇರುತ್ತದೆ. ‘ಬಡಿತ ಸರಿಯಾಯ್ತಲ್ಲ, ಇನ್ನು ಆ ಇನ್ನೊಂದು ಯಾಕೆ’ ಎಂದು ಅದನ್ನು ಬಿಡುವವರು ತುಂಬಾ ಜನ. ಬಿಡಬೇಡಿ. ಚಿಕ್ಕ ವಯಸ್ಸಿನಲ್ಲಿ ಕೀಲು ನೋವಿನ ಜ್ವರ ಬಂದು ಹೃದಯದ ಮೈಟ್ರಲ್ ಕವಾಟ ಕಿರಿದಾಗಿ ಎಎಫ್ ಬಂದವರು ನಮ್ಮ ಕಡೆ ಇನ್ನೂ ಇದ್ದಾರೆ, ಅದರಲ್ಲೂ ಹೆಂಗಸರು ಹೆಚ್ಚು. ರಕ್ತ ತೆಳು ಮಾಡಲು ಅವರಿಗೆ ಸಾಮಾನ್ಯವಾಗಿ ಕೊಡುವುದು ವಾರ್ಫರಿನ್ ಅಥವಾ ಅಸಿನೊಕೂಮರಾಲ್. ಪಕ್ಕದ ಮನೆಯವರು ತಗೊಳ್ಳುವ ಹೊಸ ಬಗೆಯ, ರಕ್ತ ಪರೀಕ್ಷೆ ಬೇಡದ ಮಾತ್ರೆಗೆ ಅವರು ತಾವಾಗಿ ಬದಲಾಯಿಸಿಕೊಳ್ಳುವ ಹಾಗಿಲ್ಲ.

ಎಸ್‌ವಿಟಿ ಇನ್ನೊಂದು ಬಗೆ. ಸ್ವಿಚ್ ಹಾಕಿದ ಹಾಗೆ ಬಡಿತ ಇದ್ದಕ್ಕಿದ್ದಂತೆ 160, 180 ಹೋಗುತ್ತದೆ, ಹಾಗೇ ತಟ್ಟನೆ ನಿಲ್ಲುತ್ತದೆ. ನಡುವೆ ಒಂದು ಬಡಿತ ಎಗರಿದ ಹಾಗೆ ಆಗುವುದು ಎಕ್ಟೋಪಿಕ್. ಇದು ಹೆಚ್ಚಿನವರಲ್ಲಿ ಅಪಾಯದ್ದಲ್ಲ, ಕಾಟ ಮಾತ್ರ. ಲಾಂಗ್ ಕ್ಯೂಟಿ ಅನ್ನುವುದು ಹೃದಯದ ಕರೆಂಟಿನ ಒಂದು ತೊಂದರೆ, ಅಪರೂಪ, ಮನೆತನದಲ್ಲಿ ಬರುತ್ತದೆ. ಅವರಿಗೆ ಒಂದು ಡೋಸ್ ತಪ್ಪುವುದೂ ದೊಡ್ಡ ವಿಷಯ.

ಸೋಟಲಾಲ್ ಬಗ್ಗೆ ಪ್ರತ್ಯೇಕ ಎಚ್ಚರ ಬೇಕು. ಹೆಸರು ಕೇಳಿದರೆ ಇದೂ ಅದೇ ಗುಂಪು ಅನಿಸುತ್ತದೆ, ಹೌದು ಕೂಡ. ಆದರೆ ಇದು ಹೃದಯದ ಕರೆಂಟಿನ ಮೇಲೆ ಇನ್ನೊಂದು ದಾರಿಯಲ್ಲೂ ಕೆಲಸ ಮಾಡುತ್ತದೆ. ಲೆಕ್ಕ ತಪ್ಪಿದರೆ ತಾನೇ ಕೆಟ್ಟ ಬಡಿತ ಹುಟ್ಟಿಸಬಹುದು. ಅದಕ್ಕೇ ಇದನ್ನು ಶುರು ಮಾಡುವಾಗ ಇಸಿಜಿ ನೋಡುತ್ತಾ ಇರುತ್ತಾರೆ, ಕಿಡ್ನಿ ಪರೀಕ್ಷೆಯನ್ನೂ ಮಾಡಿಸುತ್ತಾರೆ. ಈ ಬರಹದ ‘ಪರವಾಗಿಲ್ಲ’ಗಳನ್ನು ಸೋಟಲಾಲ್‌ಗೆ ಅನ್ವಯಿಸಬೇಡಿ.

ಹಂತ 2: ಮೊದಲ ಮಾತ್ರೆಗೆ ಮುಂಚೆ ಬಾಯಿ ಬಿಡಿ

ಡಾಕ್ಟರ್ ಕೇಳಲಿಲ್ಲ ಅಂತ ನೀವು ಸುಮ್ಮನಿರಬೇಡಿ. ಮೊದಲು ಹೇಳಬೇಕಾದ್ದು ಉಬ್ಬಸ, ದಮ್ಮು. ಪ್ರೊಪ್ರನೊಲಾಲ್ ಶ್ವಾಸನಾಳವನ್ನು ಬಿಗಿಮಾಡುತ್ತದೆ. ಅಸ್ತಮಾ ಇದ್ದವರಿಗೆ ಅದು ಆಗುವುದಿಲ್ಲ. ಮೆಟೊಪ್ರೊಲಾಲ್, ಬಿಸೊಪ್ರೊಲಾಲ್ ಹೃದಯದ ಮೇಲೇ ಹೆಚ್ಚು ಕೆಲಸ ಮಾಡುತ್ತವೆ, ಅವನ್ನೂ ಅಸ್ತಮಾದವರಿಗೆ ಯೋಚಿಸಿಯೇ ಕೊಡುತ್ತಾರೆ. ‘ಚಿಕ್ಕವಳಿದ್ದಾಗ ಇತ್ತು, ಈಗ ಇಲ್ಲ’ ಅನ್ನುವವರೂ ಹೇಳಿ.

ಹಿಂದೆ ಎಂದಾದರೂ ಎಚ್ಚರ ತಪ್ಪಿ ಬಿದ್ದದ್ದು, ಹಾರ್ಟ್ ಬ್ಲಾಕ್ ಎಂದು ಇಸಿಜಿಯಲ್ಲಿ ಬಂದದ್ದು, ಡಬ್ಲ್ಯುಪಿಡಬ್ಲ್ಯು (ಹೃದಯದ ಕರೆಂಟಿಗೆ ಹುಟ್ಟಿನಿಂದಲೇ ಇನ್ನೊಂದು ದಾರಿ ಇರುವುದು) ಎಂಬ ಹೆಸರು ಕೇಳಿದ್ದು, ಇವನ್ನೂ ಹೇಳಬೇಕು. ಹಾರ್ಟ್ ಬ್ಲಾಕ್ ಅಂದರೆ ಇಲ್ಲಿ ಕರೆಂಟಿನ ಅಡಚಣೆ, ರಕ್ತನಾಳದ ‘ಬ್ಲಾಕೇಜ್’ ಅಲ್ಲ. ಜನ ಎರಡನ್ನೂ ಕಲಸಿಬಿಡುತ್ತಾರೆ. ಹಳೆಯ ಇಸಿಜಿ ಕಾಗದವನ್ನೇ ತೋರಿಸಿಬಿಡಿ, ಗೊಂದಲ ಮುಗಿಯಿತು.

ಶುಗರ್, ಥೈರಾಯ್ಡ್, ಕಿಡ್ನಿ ತೊಂದರೆ, ಹೃದಯದ ಪಂಪಿಂಗ್ ಕಡಿಮೆ ಇರುವುದು ಎಲ್ಲ ಮುಖ್ಯವೇ. ಇದೇ ಗುಂಪಿನ ಅಟೆನೊಲಾಲ್ ಕಿಡ್ನಿ ಮೂಲಕ ಹೊರಹೋಗುತ್ತದೆ. ಕಿಡ್ನಿ ಸೋತವರಲ್ಲಿ ಅದು ಮೈಯಲ್ಲೇ ಉಳಿದುಬಿಡಬಹುದು. ಬಸುರಿಯಾಗಿದ್ದರೆ ಅಥವಾ ಆಗುವ ಯೋಚನೆ ಇದ್ದರೆ ಮೊದಲೇ ಹೇಳಿ. ಮಗುವಿನ ಬೆಳವಣಿಗೆ ಕುಂಠಿತವಾಗಬಹುದು ಎಂದು ಅಟೆನೊಲಾಲ್ ಅನ್ನು ಆಗ ಬದಲಾಯಿಸುತ್ತಾರೆ. ಜೇನುಹುಳು ಕಡಿದೋ ಏನಾದರೂ ತಿಂದೋ ಮೈಯೆಲ್ಲ ಊದಿ ಆಸ್ಪತ್ರೆ ಸೇರಿದ ಅಲರ್ಜಿ ಇದೆಯಾ? ಅದನ್ನೂ ಹೇಳಿ. ಅಂಥ ಹೊತ್ತಿನಲ್ಲಿ ಕೊಡುವ ಅಡ್ರಿನಲಿನ್ ಇಂಜೆಕ್ಷನ್ ಈ ಮಾತ್ರೆ ಇದ್ದವರಿಗೆ ಸರಿಯಾಗಿ ನಾಟದಿರಬಹುದು.

ಹಂತ 3: ಸ್ಟ್ರಿಪ್ ಓದಲು ಕಲಿಯಿರಿ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ನನ್ನ ಕೌಂಟರಿನಲ್ಲಿ ಜಾಸ್ತಿ ಗಲಿಬಿಲಿ ಆಗುವುದೇ ಇಲ್ಲಿ.

ಮೆಟೊಪ್ರೊಲಾಲ್ ಎರಡು ರೂಪದಲ್ಲಿ ಬರುತ್ತದೆ. ಟಾರ್ಟ್ರೇಟ್ ಬೇಗ ಕರಗುತ್ತದೆ, ಸಾಮಾನ್ಯವಾಗಿ ದಿನಕ್ಕೆ ಎರಡು ಸಲ. ಸಕ್ಸಿನೇಟ್ ನಿಧಾನವಾಗಿ ಇಡೀ ದಿನ ಬಿಡುಗಡೆ ಆಗುತ್ತದೆ, ದಿನಕ್ಕೆ ಒಂದು ಸಲ. ನಿಧಾನದ್ದರ ಹೆಸರಿನ ಮುಂದೆ ಎಕ್ಸ್‌ಎಲ್ ಅಥವಾ ಇಆರ್ ಅಂತ ಇರುತ್ತದೆ. 50 ಎಕ್ಸ್‌ಎಲ್ ಬದಲು ಸಾದಾ 50 ತಗೊಂಡು ದಿನಕ್ಕೆ ಒಂದೇ ನುಂಗಿದರೆ ಬೆಳಗ್ಗೆ ನಾಡಿ ಇಳಿದು ತಲೆ ಸುತ್ತಬಹುದು, ರಾತ್ರಿ ಮತ್ತೆ ಡವಡವ ಶುರುವಾಗಬಹುದು.

ಎಕ್ಸ್‌ಎಲ್ ಸ್ಟ್ರಿಪ್ಪಿನ ಹಿಂದೆ ಸಣ್ಣ ಅಕ್ಷರದಲ್ಲಿ ‘ಮೆಟೊಪ್ರೊಲಾಲ್ ಸಕ್ಸಿನೇಟ್ 47.5 ಎಂಜಿ, ಟಾರ್ಟ್ರೇಟ್ 50 ಎಂಜಿಗೆ ಸಮ’ ಎಂಬರ್ಥದ ಸಾಲು ಇರುತ್ತದೆ. 25ರದ್ದರಲ್ಲಿ 23.75 ಅಂತ. ಇದನ್ನು ನೋಡಿ ‘ಅಣ್ಣಾ, ಡಾಕ್ಟರ್ 50 ಬರೆದಿದ್ರು, ನೀವು ಕಮ್ಮಿ ಪವರ್‌ದು ಕೊಟ್ಟಿದ್ದೀರಾ’ ಎಂದು ವಾಪಸ್ ಬರುತ್ತಾರೆ. ಕಮ್ಮಿ ಅಲ್ಲ, ಅದೇ ಇದು. ಬೇರೆ ಬೇರೆ ಲವಣದ ತೂಕದ ಲೆಕ್ಕ ಅಷ್ಟೇ. ಆದರೆ ಹೀಗೆ ಓದಿ ಕೇಳಿದವರನ್ನು ಕಂಡರೆ ನನಗೆ ಖುಷಿ.

ಇನ್ನೊಂದು ಬಲೆ ಶುಗರ್ ಮಾತ್ರೆಯದು. ಮೆಟೊಪ್ರೊಲಾಲ್, ಮೆಟ್‌ಫಾರ್ಮಿನ್. ಎರಡೂ ‘ಮೆಟ್’ ಎಂದೇ ಶುರು, ಎರಡರಲ್ಲೂ ನಿಧಾನವಾಗಿ ಕರಗುವ ಬಗೆ ಇದೆ, ಎರಡೂ ಒಂದೇ ಮನೆಯ ಒಂದೇ ಡಬ್ಬದಲ್ಲಿ ಇರುತ್ತವೆ. ಮೆಟ್‌ಫಾರ್ಮಿನ್ 500, 850, 1000 ಹೀಗೆ ಬರುತ್ತದೆ. ಮೆಟೊಪ್ರೊಲಾಲ್ 25, 50, 100. ಅಂಕಿ ನೋಡಿ ಗುರುತು ಹಿಡಿಯಿರಿ. ಕಣ್ಣು ಮಂಜಾದ ಹಿರಿಯರು ಇದ್ದರೆ ಒಂದು ಸ್ಟ್ರಿಪ್ಪಿಗೆ ಕೆಂಪು ರಬ್ಬರ್ ಬ್ಯಾಂಡ್ ಹಾಕಿಡಿ.

ಕೂಡು ಮಾತ್ರೆಗಳೂ ಉಂಟು. ಬ್ರ್ಯಾಂಡ್ ಹೆಸರಿನ ಮುಂದೆ ಎಎಮ್ ಅಂತ ಇದ್ದರೆ ಸಾಮಾನ್ಯವಾಗಿ ಬಿಪಿಯ ಆಮ್ಲೊಡಿಪಿನ್ ಕೂಡ ಸೇರಿದೆ ಅಂತ. ಎಎಮ್ ಇದ್ದದ್ದಕ್ಕೆ ಇಲ್ಲದ್ದನ್ನೋ, ಇಲ್ಲದ್ದಕ್ಕೆ ಇದ್ದದ್ದನ್ನೋ ತಂದರೆ ಬಿಪಿ ಲೆಕ್ಕ ಕೆಡುತ್ತದೆ. ಬ್ರ್ಯಾಂಡ್ ಬದಲಾದರೆ ಹೆದರುವುದು ಬೇಡ, ಜನೌಷಧಿ ಕೇಂದ್ರದ ಅಗ್ಗದ ಮಾತ್ರೆಯೂ ಆದೀತು. ಆದರೆ ಒಳಗಿನ ಔಷಧದ ಹೆಸರು, ಎಂಜಿ, ಎಕ್ಸ್‌ಎಲ್ ಇದೆಯೋ ಇಲ್ಲವೋ, ಈ ಮೂರೂ ಹೊಂದಬೇಕು. ಹಳೆಯ ಬ್ರ್ಯಾಂಡು ಮನೆಯಲ್ಲಿ ಉಳಿದಿದ್ದರೆ ಎತ್ತಿಡಿ, ಇಲ್ಲದಿದ್ದರೆ ಒಂದೇ ಔಷಧವನ್ನು ಎರಡು ಹೆಸರಲ್ಲಿ ನುಂಗಿ ಡೋಸ್ ಡಬಲ್ ಆಗುತ್ತದೆ.

ಸ್ಟ್ರಿಪ್ ಕತ್ತರಿಸಿ ಐದೇ ಮಾತ್ರೆ ಕೊಳ್ಳುವವರಿಗೆ ಒಂದು ಮಾತು. ಕತ್ತರಿಸಿದ ಚೂರಿನಲ್ಲಿ ಹೆಸರೂ ಇರುವುದಿಲ್ಲ, ಎಕ್ಸ್‌ಪೈರಿ ತಾರೀಕೂ ಇರುವುದಿಲ್ಲ. ಅಂಗಡಿಯಲ್ಲೇ ಇಡೀ ಸ್ಟ್ರಿಪ್ಪಿನ ಫೋಟೊ ಹೊಡೆದುಕೊಳ್ಳಿ. ಆಗಲಿ ಎನ್ನದ ಅಂಗಡಿಯವರು ಕಡಿಮೆ.

ಹಂತ 4: ನುಂಗುವ ಕ್ರಮ

ದಿನಾ ಒಂದೇ ಹೊತ್ತು ಇಟ್ಟುಕೊಳ್ಳಿ. ಮೆಟೊಪ್ರೊಲಾಲನ್ನು ತಿಂಡಿ ಅಥವಾ ಊಟದ ಜೊತೆಗೋ ಆದ ಕೂಡಲೋ ತಗೊಳ್ಳುವುದು ಒಳ್ಳೆಯದು. ಒಂದು ದಿನ ಖಾಲಿ ಹೊಟ್ಟೆ, ಇನ್ನೊಂದು ದಿನ ಮುದ್ದೆ ಉಂಡು ಎಂದು ಬದಲಾಯಿಸಬೇಡಿ. ಬಿಸೊಪ್ರೊಲಾಲ್‌ಗೆ ಊಟದ ಕಟ್ಟುಪಾಡು ಇಲ್ಲ. ಅಟೆನೊಲಾಲನ್ನು ಕಿತ್ತಳೆ ಜ್ಯೂಸ್ ಜೊತೆ ನುಂಗಿದರೆ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಎಲ್ಲದಕ್ಕೂ ನೀರೇ ಸಾಕು.

ಎಕ್ಸ್‌ಎಲ್ ಮಾತ್ರೆಯನ್ನು ಪುಡಿ ಮಾಡಬಾರದು, ಅಗಿಯಬಾರದು. ಇಡೀ ದಿನದ ಔಷಧ ಒಂದೇ ಸಲ ಒಳಗೆ ಹೋಗುತ್ತದೆ. ನಡುವೆ ಗೆರೆ ಇದ್ದರೆ, ಡಾಕ್ಟರ್ ಅರ್ಧ ಅಂದಿದ್ದರೆ, ಆ ಗೆರೆಯ ಮೇಲೆ ಎರಡು ಮಾಡಿ ನುಂಗಬಹುದು. ಮನೆಯಲ್ಲಿ ಮೂಗಿನ ನಳಿಕೆ ಮೂಲಕ ಆಹಾರ ಕೊಡುವ ರೋಗಿ ಇದ್ದರೆ ಎಲ್ಲ ಮಾತ್ರೆಯನ್ನೂ ಕುಟ್ಟಿ ನೀರಿಗೆ ಹಾಕುವ ಅಭ್ಯಾಸ ಇರುತ್ತದೆ. ಎಕ್ಸ್‌ಎಲ್ ಅಲ್ಲಿಗೆ ಸಲ್ಲದು. ಸಾದಾ ರೂಪಕ್ಕೆ ಬದಲಾಯಿಸಿ ಕೊಡಿ ಎಂದು ಡಾಕ್ಟರನ್ನು ಕೇಳಿ.

ಏಕಾದಶಿ, ಸಂಕಷ್ಟಿ, ರಂಜಾನ್ ಉಪವಾಸ ಮಾಡುವವರು ಆ ದಿನ ಮಾತ್ರೆಗೂ ಉಪವಾಸ ಮಾಡಿಬಿಡುತ್ತಾರೆ. ಅದು ಬೇಡ. ದಿನಕ್ಕೊಂದು ಮಾತ್ರೆ ಇದ್ದರೆ ಹೊತ್ತನ್ನು ರಾತ್ರಿ ಊಟಕ್ಕೆ ಸರಿಸಬಹುದಾ ಎಂದು ಮುಂಚೆಯೇ ಕೇಳಿಟ್ಟುಕೊಂಡರೆ ವ್ರತವೂ ನಡೆಯುತ್ತದೆ, ಮಾತ್ರೆಯೂ ನಡೆಯುತ್ತದೆ.

ಹಂತ 5: ನಾಡಿ ಎಣಿಸಿ

ಬೀಟಾ ಬ್ಲಾಕರ್ ತಗೊಳ್ಳುವವರಿಗೆ ಇದಕ್ಕಿಂತ ಉಪಯೋಗದ ವಿದ್ಯೆ ಇಲ್ಲ, ಖರ್ಚೂ ಇಲ್ಲ.

ಐದು ನಿಮಿಷ ಸುಮ್ನೆ ಕೂತುಕೊಳ್ಳಿ. ಮೆಟ್ಟಿಲು ಹತ್ತಿ ಬಂದ ಕೂಡಲೇ ಅಥವಾ ಕಾಫಿ ಕುಡಿಯುತ್ತಾ ಬೇಡ. ಎಡಗೈಯನ್ನು ಅಂಗೈ ಮೇಲೆ ಬರುವಂತೆ ತೊಡೆಯ ಮೇಲಿಡಿ. ಬಲಗೈಯ ತೋರುಬೆರಳು ಮತ್ತು ನಡುಬೆರಳನ್ನು ಎಡ ಹೆಬ್ಬೆರಳಿನ ಬುಡದಿಂದ ಕೆಳಗೆ, ಮಣಿಕಟ್ಟಿನ ಆ ಮಗ್ಗುಲಿನ ತಗ್ಗಿನಲ್ಲಿ ಇಡಿ. ಹೆಬ್ಬೆರಳಿನಿಂದ ನೋಡಬೇಡಿ, ಅದರದ್ದೇ ಮಿಡಿತ ನಿಮ್ಮ ಎಣಿಕೆಗೆ ಸೇರಿಬಿಡುತ್ತದೆ. ಜೋರಾಗಿ ಒತ್ತಿದರೆ ನಾಡಿ ಮಾಯ ಆಗುತ್ತದೆ, ಮೆಲ್ಲಗೆ ಒತ್ತಿ. ಗೋಡೆ ಗಡಿಯಾರದ ಸೆಕೆಂಡ್ ಮುಳ್ಳು ನೋಡಿಕೊಂಡು ಪೂರ್ತಿ 60 ಸೆಕೆಂಡು ಎಣಿಸಿ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವುದು ತಾಳ ಸರಿಯಿದ್ದವರಿಗೆ. ಎಎಫ್ ಇದ್ದವರಲ್ಲಿ ಒಂದು ಸಲದ 15 ಸೆಕೆಂಡಿನಲ್ಲಿ 15 ಬಡಿತ ಬರುತ್ತದೆ, ಮುಂದಿನದರಲ್ಲಿ 24 ಬರುತ್ತದೆ.

ಬಿಪಿ ಮೆಷಿನ್ನು, ಬೆರಳಿಗೆ ಹಾಕುವ ಆಕ್ಸಿಮೀಟರು, ವಾಚು ಎಲ್ಲ ನಾಡಿಯ ಅಂಕಿ ತೋರಿಸುತ್ತವೆ, ನಿಜ. ಆದರೆ ತಾಳ ತಪ್ಪಿದ ಹೃದಯದ ಮುಂದೆ ಅವು ಎಡವುತ್ತವೆ. ಎಕ್ಟೋಪಿಕ್ ಇದ್ದವರಲ್ಲಿ ಬೇಗ ಬಿದ್ದ ಬಡಿತ ಬಲವಿಲ್ಲದೆ ಬೆರಳ ತುದಿವರೆಗೆ ಬರುವುದೇ ಇಲ್ಲ. ಒಂದು ಬಿಟ್ಟು ಒಂದು ಹಾಗಾದರೆ ಹೃದಯ 76 ಬಡಿಯುತ್ತಿದ್ದರೂ ಆಕ್ಸಿಮೀಟರ್ 38 ಎನ್ನುತ್ತದೆ. ಮನೆಯವರಿಗೆಲ್ಲ ಗಾಬರಿ. ಜೋರು ಎಎಫ್‌ನಲ್ಲೂ ಹೀಗೇ, ಕೈಯಲ್ಲಿ 90 ಸಿಕ್ಕರೆ ಎದೆಯಲ್ಲಿ 120 ಇರಬಹುದು. ಅಂಕಿ ವಿಚಿತ್ರ ಕಂಡರೆ ಎಡ ಎದೆಯ ಮೇಲೆ ಕೈಯಿಟ್ಟೋ, ಸ್ಟೆತೊಸ್ಕೋಪ್ ಇರುವ ನರ್ಸ್ ಕೈಯಲ್ಲೋ ಎಣಿಸಿ ನೋಡಿ. ಎಎಫ್ ಇದ್ದವರು ಬಿಪಿಯನ್ನೂ ಒಂದೇ ಸಲ ನೋಡಿ ನಂಬಬೇಡಿ. ಮೂರು ಸಲ ನೋಡಿ ಸರಾಸರಿ ಬರೆದುಕೊಳ್ಳಿ.

ಎಷ್ಟಿರಬೇಕು? ಇದು ನಿಮ್ಮ ಡಾಕ್ಟರ್ ಹೇಳಬೇಕಾದ ಅಂಕಿ. ‘ನನಗೆ ಕೂತಿದ್ದಾಗ ನಾಡಿ ಎಷ್ಟಿದ್ದರೆ ಸರಿ, ಎಷ್ಟಕ್ಕಿಂತ ಇಳಿದರೆ ಮಾತ್ರೆ ತಗೊಳ್ಳದೆ ನಿಮಗೆ ಫೋನ್ ಮಾಡಬೇಕು?’ ಎಂದು ಕೇಳಿ, ಚೀಟಿಯ ಮೇಲೇ ಬರೆಸಿಕೊಳ್ಳಿ. ಅಂದಾಜಿಗೆ ಹೇಳುವುದಾದರೆ, ಎಎಫ್‌ನಲ್ಲಿ ಕೂತಾಗ 110ಕ್ಕಿಂತ ಕೆಳಗಿದ್ದರೆ ಬಹಳಷ್ಟು ಜನರಿಗೆ ಸಾಕು. ಎಲ್ಲರನ್ನೂ 80ಕ್ಕಿಂತ ಕೆಳಗೆ ಇಳಿಸಿದ್ದರಿಂದ ಹೆಚ್ಚಿನ ಲಾಭ ಆಗಲಿಲ್ಲ ಎಂದು 2010ರಲ್ಲಿ ನೆದರ್ಲೆಂಡ್ಸ್‌ನ ಒಂದು ಅಧ್ಯಯನ ತೋರಿಸಿತು. ಕೆಲವರಿಗೆ, ಅದರಲ್ಲೂ ತೊಂದರೆ ಅನುಭವಕ್ಕೆ ಬರುತ್ತಿರುವವರಿಗೆ, ಕೆಳಗಿನ ಗುರಿಯನ್ನೇ ಇಡುತ್ತಾರೆ. ಕೆಳ ಮಿತಿಯಾಗಿ ಹೆಚ್ಚಿನ ಡಾಕ್ಟರುಗಳು ಹೇಳುವುದು 50. ನಾಡಿ 54 ಬಂದು ನೀವು ಆರಾಮಾಗಿ ಪೇಪರ್ ಓದುತ್ತಿದ್ದರೆ ಅದು ಮಾತ್ರೆ ಕೆಲಸ ಮಾಡುತ್ತಿದೆ ಅಂತ ಅರ್ಥ. 48 ಬಂದು, ಎದ್ದಾಗ ಕಣ್ಣಿಗೆ ಕತ್ತಲೆ ಕಟ್ಟಿದರೆ ಅದು ಬೇರೆ ಮಾತು. ಮುಂದಿನ ಮಾತ್ರೆಗೆ ಮುಂಚೆ ಫೋನ್ ಮಾಡಿ.

ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ತಾರೀಕು, ಹೊತ್ತು, ನಾಡಿ, ಬಿಪಿ, ‘ಸುಸ್ತು’, ‘ಡವಡವ’ ಎಂದು ಒಂದು ಸಾಲು ಬರೆದರೆ ಸಾಕು. ಶುರುವಿನಲ್ಲಿ ಮತ್ತು ಡೋಸ್ ಬದಲಾದಾಗ ದಿನಾ, ಆಮೇಲೆ ವಾರಕ್ಕೆ ಒಂದೆರಡು ಸಲ. ಗಂಟೆಗೊಮ್ಮೆ ನಾಡಿ ಹಿಡಿದು ಕೂರಬೇಡಿ, ಆ ಚಿಂತೆಗೇ ಬಡಿತ ಏರುತ್ತದೆ.

ಹಂತ 6: ಮೊದಲ ವಾರಗಳನ್ನು ದಾಟುವುದು

ಡಾಕ್ಟರ್ ಕಡಿಮೆ ಡೋಸಿನಿಂದ ಶುರು ಮಾಡಿ ಮೆಲ್ಲಗೆ ಏರಿಸುತ್ತಾರೆ. ಈ ಹೊತ್ತಿನಲ್ಲಿ ಸುಸ್ತು, ಕೈಕಾಲು ತಣ್ಣಗಾಗುವುದು, ಎದ್ದಾಗ ತಲೆ ಹಗುರ ಅನಿಸುವುದು ಸಾಮಾನ್ಯ. ಕೆಲವರಿಗೆ ವಿಚಿತ್ರ ಕನಸು ಬೀಳುತ್ತವೆ, ಪ್ರೊಪ್ರನೊಲಾಲ್, ಮೆಟೊಪ್ರೊಲಾಲ್‌ನಲ್ಲಿ ಇದು ಹೆಚ್ಚು. ಬಹಳಷ್ಟು ಜನರಿಗೆ ಕೆಲವು ವಾರಗಳಲ್ಲಿ ಮೈಗೆ ಒಗ್ಗುತ್ತದೆ. ಗಂಡಸರಲ್ಲಿ ಲೈಂಗಿಕ ತೊಂದರೆ ಬಂದರೆ ನಾಚಿಕೆಯಿಂದ ಮಾತ್ರೆ ಬಿಟ್ಟುಬಿಡುವವರಿದ್ದಾರೆ. ಬಿಡುವ ಬದಲು ಹೇಳಿಬಿಡಿ, ಮಾತ್ರೆ ಬದಲಾಯಿಸಲು ಆಗುತ್ತದೆ.

ಹಾಸಿಗೆಯಿಂದ ಏಳುವಾಗ ಒಂದು ನಿಮಿಷ ಕೂತು ಏಳಿ. ದೀಪಾವಳಿಯ ಎಣ್ಣೆ ಸ್ನಾನದ ಹಾಗೆ ಹಂಡೆ ನೀರು ಸುಡುಸುಡು ಹೊಯ್ದುಕೊಂಡು ತಟ್ಟನೆ ಎದ್ದರೆ ಬಿಪಿ ಬಿದ್ದು ಬಚ್ಚಲಲ್ಲೇ ಕುಸಿಯಬಹುದು. ಸ್ಟೂಲ್ ಹಾಕಿಕೊಂಡು ಬೆಚ್ಚಗಿನ ನೀರಲ್ಲಿ ಸ್ನಾನ ಮಾಡಿ, ಒಳಗಿನಿಂದ ಚಿಲಕ ಹಾಕಬೇಡಿ. ವಾಂತಿ ಭೇದಿ ಆಗಿ ಮೈಯಲ್ಲಿ ನೀರು ಕಡಿಮೆಯಾದ ದಿನವೂ ಇದೇ ಎಚ್ಚರ ಬೇಕು, ಆಗ ಡಾಕ್ಟರಿಗೆ ಒಂದು ಫೋನ್ ಮಾಡಿ.

ವಾಕಿಂಗ್ ಬಿಡಬೇಡಿ. ವಾಚಿನಲ್ಲಿ ಬರುವ ‘ಇಷ್ಟು ಬಡಿತಕ್ಕೆ ಏರಿಸಿ’ ಎನ್ನುವ ಗುರಿ ಮಾತ್ರ ನಿಮಗಲ್ಲ, ಮಾತ್ರೆ ಬಡಿತವನ್ನು ಏರಲು ಬಿಡುವುದಿಲ್ಲ. ನಡೆಯುತ್ತಾ ಜೊತೆಯವರ ಹತ್ತಿರ ಮಾತಾಡಲು ಆಗುತ್ತಿದ್ದರೆ ವೇಗ ಸರಿಯಿದೆ ಅಂತ ತಿಳಿಯಿರಿ. ಹೃದಯದ ಪಂಪಿಂಗ್ ಕಡಿಮೆ ಇರುವವರು ದಿನಾ ಬೆಳಗ್ಗೆ ತೂಕ ನೋಡಿ. ಎರಡು ಮೂರು ದಿನದಲ್ಲಿ ಎರಡು ಕಿಲೋ ಏರಿದರೆ, ಕಾಲು ಊದಿದರೆ, ಮಲಗಿದಾಗ ಉಸಿರು ಕಟ್ಟಿದರೆ ಕಾಯಬೇಡಿ, ತಿಳಿಸಿ.

ಹಂತ 7: ಮರೆತರೆ ಒಂದು ಲೆಕ್ಕ, ಬಿಟ್ಟರೆ ಬೇರೆ ಲೆಕ್ಕ

ಒಂದು ಡೋಸ್ ಮರೆತರೆ ನೆನಪಾದ ಕೂಡಲೇ ತಗೊಳ್ಳಿ. ಮುಂದಿನ ಡೋಸ್ ಹೊತ್ತು ಹತ್ತಿರ ಬಂದಿದ್ದರೆ ಮರೆತದ್ದನ್ನು ಬಿಟ್ಟು ಮಾಮೂಲಿನಂತೆ ಮುಂದುವರಿಯಿರಿ. ಎರಡು ಸೇರಿಸಿ ನುಂಗುವುದು ಮಾತ್ರ ಬೇಡ. ನುಂಗಿದ್ದೀರಾ ಇಲ್ಲವಾ ಎಂದೇ ನೆನಪಾಗದಿದ್ದರೆ ನುಂಗದಿರುವುದೇ ಮೇಲು. ವಾರದ ಏಳು ಖಾನೆಯ ಮಾತ್ರೆ ಡಬ್ಬಿ ಈ ತಲೆನೋವನ್ನೇ ತಪ್ಪಿಸುತ್ತದೆ. ಲಾಂಗ್ ಕ್ಯೂಟಿ ಇದ್ದವರು ಮರೆತಾಗ ಏನು ಮಾಡಬೇಕೆಂದು ತಮ್ಮ ಡಾಕ್ಟರಿಂದ ಪ್ರತ್ಯೇಕ ಕೇಳಿಟ್ಟುಕೊಳ್ಳಬೇಕು.

ಈಗ ಅಸಲು ವಿಷಯ. ಬೀಟಾ ಬ್ಲಾಕರ್ ಅನ್ನು ಒಂದೇ ಸಲ ನಿಲ್ಲಿಸಬಾರದು. ದಿನಾ ಅಡ್ಡಗಟ್ಟಿ ನಿಂತಿದ್ದರಿಂದ ಹೃದಯ ಅಡ್ರಿನಲಿನ್‌ಗೆ ಮೊದಲಿಗಿಂತ ಸೂಕ್ಷ್ಮವಾಗಿರುತ್ತದೆ. ಅಡ್ಡಗೋಡೆ ತಟ್ಟನೆ ತೆಗೆದರೆ ಬಡಿತ, ಬಿಪಿ ಎರಡೂ ಹಿಂದೆಂದಿಗಿಂತ ಜೋರಾಗಿ ನುಗ್ಗುತ್ತವೆ. ಹೃದಯದ ರಕ್ತನಾಳ ಕಿರಿದಾಗಿರುವವರಿಗೆ ಎದೆನೋವು, ಹಾರ್ಟ್ ಅಟ್ಯಾಕ್ ಕೂಡ ಆಗಿದೆ. ಅದಕ್ಕೇ ನಿಲ್ಲಿಸಬೇಕಾದಾಗಲೂ ಡಾಕ್ಟರ್ ಒಂದೆರಡು ವಾರಗಳಲ್ಲಿ ಮೆಲ್ಲಗೆ ಇಳಿಸಿ ನಿಲ್ಲಿಸುತ್ತಾರೆ.

ಜನ ಯಾಕೆ ಬಿಡುತ್ತಾರೆ? ‘ಆರಾಮಾಯ್ತು’ ಅಂತ. ‘ಜೀವನಪೂರ್ತಿ ಮಾತ್ರೆ ನುಂಗೋದಾ’ ಅಂತ. ಯಾರೋ ಕಷಾಯ ಹೇಳಿದರು ಅಂತ. ಆದರೆ ಬಹಳಷ್ಟು ಸಲ ಕಾರಣ ಇಷ್ಟು ದೊಡ್ಡದಲ್ಲ. ಮಾತ್ರೆ ಖಾಲಿಯಾಗಿರುತ್ತದೆ, ಮಗ ಶನಿವಾರ ಬರುವಾಗ ತರುತ್ತಾನೆ ಎಂದು ಬುಧವಾರದಿಂದ ಕಾದಿರುತ್ತಾರೆ. ಡಬ್ಬದಲ್ಲಿ ಹತ್ತು ದಿನದ ಮಾತ್ರೆ ಉಳಿದಾಗಲೇ ಹೊಸದು ತರಿಸಿ. ಚೀಟಿಯ ಫೋಟೊ ಫೋನಿನಲ್ಲಿ ಇರಲಿ. ನಾಡಿ ಮಿತಿಗಿಂತ ಇಳಿದಾಗ ಡಾಕ್ಟರ್ ಮಾತಿನಂತೆ ಒಂದು ಡೋಸ್ ತಡೆಹಿಡಿಯುವುದು ಬೇರೆ, ನೀವಾಗಿ ಮಾತ್ರೆಯನ್ನೇ ಬಿಡುವುದು ಬೇರೆ.

ಹಂತ 8: ಜೊತೆಗೆ ಹೋಗದವು

ಬೀಟಾ ಬ್ಲಾಕರ್ ಜೊತೆ ತುಂಬಾ ಅಪಾಯದ ಜೋಡಿ ಆಗುವುದು ವೆರಾಪಮಿಲ್ ಅಥವಾ ಡಿಲ್ಟಿಯಾಜೆಮ್. ಇವೂ ಬಡಿತ ನಿಧಾನ ಮಾಡುವವೇ. ಬೀಟಾ ಬ್ಲಾಕರ್ ಜೊತೆ ಸೇರಿದರೆ ನಾಡಿ ತೀರಾ ಇಳಿಯಬಹುದು, ಹಾರ್ಟ್ ಬ್ಲಾಕ್ ಆಗಬಹುದು. ಇಬ್ಬರು ಡಾಕ್ಟರ ಹತ್ತಿರ ಹೋಗಿ ಒಬ್ಬರ ಚೀಟಿ ಇನ್ನೊಬ್ಬರಿಗೆ ತೋರಿಸದವರಲ್ಲಿ ಈ ಜೋಡಿ ಕೂಡುತ್ತದೆ. ಡಿಗಾಕ್ಸಿನ್, ಅಮಿಯೊಡರೋನ್ ಎಂಬ ಹೃದಯದ ಮಾತ್ರೆಗಳು ಇದ್ದರೂ ನಾಡಿ ಮೇಲೆ ಹೆಚ್ಚು ಕಣ್ಣಿಡಬೇಕು. ಇದರ ಜೊತೆ ಬಿಪಿಗೆ ಕ್ಲೊನಿಡಿನ್ ತಗೊಳ್ಳುವವರು ಅದನ್ನು ತಾವಾಗಿ ನಿಲ್ಲಿಸಿದರೆ ಬಿಪಿ ಭಯಂಕರ ಏರುತ್ತದೆ. ಮನಸ್ಸಿನ ಚಿಕಿತ್ಸೆಗೆ ಕೊಡುವ ಫ್ಲುಒಕ್ಸೆಟಿನ್, ಪರೊಕ್ಸೆಟಿನ್, ಹುಳಕಡ್ಡಿಗೆ ಕೊಡುವ ಟೆರ್ಬಿನಾಫಿನ್ ಮಾತ್ರೆ, ಇವು ಮೆಟೊಪ್ರೊಲಾಲ್ ಮೈಯಿಂದ ಖಾಲಿಯಾಗುವುದನ್ನು ತಡೆಯುತ್ತವೆ. ಡೋಸ್ ಏರಿಸದಿದ್ದರೂ ಏರಿಸಿದ ಹಾಗೇ ಆಗುತ್ತದೆ.

ಕಣ್ಣಿನ ಹನಿಯನ್ನು ಯಾರೂ ಔಷಧದ ಲೆಕ್ಕಕ್ಕೇ ಹಿಡಿಯುವುದಿಲ್ಲ. ಗ್ಲಾಕೋಮಕ್ಕೆ ಹಾಕುವ ಟಿಮೊಲಾಲ್ ಕೂಡ ಬೀಟಾ ಬ್ಲಾಕರೇ, ಮೂಗಿನ ಮೂಲಕ ರಕ್ತಕ್ಕೆ ಸೇರುತ್ತದೆ. ಹೃದಯದ ಡಾಕ್ಟರಿಗೂ ಕಣ್ಣಿನ ಡಾಕ್ಟರಿಗೂ ಇಬ್ಬರಿಗೂ ಹೇಳಿ. ಹನಿ ಬಿಟ್ಟ ಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಎರಡು ನಿಮಿಷ ಒತ್ತಿಹಿಡಿದರೆ ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ.

ನೆಗಡಿ ಬಂದಾಗ ‘ಒಂದು ಮಾತ್ರೆ ಕೊಡಿ’ ಎಂದು ಕೇಳುವವರು ಈ ಮಾತ್ರೆಯ ವಿಷಯವನ್ನೂ ಹೇಳಿ ಕೇಳಿ. ಮೂಗು ಬಿಡಿಸಲು ಹಾಕುವ ಫೀನೈಲ್‌ಎಫ್ರಿನ್, ಸೂಡೊಎಫಿಡ್ರಿನ್ ಬಿಪಿ, ಬಡಿತ ಏರಿಸಬಹುದು. ಹಬೆ ತಗೊಳ್ಳಿ, ಜ್ವರಕ್ಕೆ ಬರೀ ಪ್ಯಾರಾಸಿಟಮಾಲ್ ಸಾಕು. ಮಂಡಿ ನೋವಿಗೆ ದಿನಾ ನುಂಗುವ ಡೈಕ್ಲೊಫೆನಾಕ್, ಐಬುಪ್ರೊಫೆನ್ ಬಿಪಿ ಏರಿಸುತ್ತವೆ. ರಕ್ತ ತೆಳು ಮಾಡುವ ಮಾತ್ರೆಯೂ ಇದ್ದರೆ ರಕ್ತಸ್ರಾವದ ಅಪಾಯ ಬೇರೆ.

ನಾಟಿ ಔಷಧಗಳಲ್ಲಿ ಎರಡರ ಹೆಸರು ಹೇಳುತ್ತೇನೆ. ಸರ್ಪಗಂಧ ಬಿಪಿ, ನಾಡಿ ಎರಡನ್ನೂ ಇಳಿಸುತ್ತದೆ, ಬೀಟಾ ಬ್ಲಾಕರ್ ಜೊತೆ ಅದು ಅತಿಯಾಗುತ್ತದೆ. ಕೆಮ್ಮಿಗೆ ಬಾಯಲ್ಲಿಟ್ಟುಕೊಳ್ಳುವ ಜ್ಯೇಷ್ಠಮಧು ಒಂದೆರಡು ದಿನಕ್ಕೆ ಏನೂ ಅಲ್ಲ, ವಾರಗಟ್ಟಲೆ ಜಾಸ್ತಿ ತಿಂದರೆ ಪೊಟ್ಯಾಸಿಯಂ ಇಳಿದು ಬಡಿತವೇ ತಪ್ಪುತ್ತದೆ. ಕಾಫಿ ಬಗ್ಗೆ ಎಲ್ಲರೂ ಕೇಳುತ್ತಾರೆ. ದಿನಕ್ಕೆ ಒಂದೆರಡು ಲೋಟ ಫಿಲ್ಟರ್ ಕಾಫಿ ಹೆಚ್ಚಿನವರಿಗೆ ತೊಂದರೆ ಕೊಡುವುದಿಲ್ಲ, ಕುಡಿದಾಗೆಲ್ಲ ಡವಡವ ಅನ್ನುವವರು ಕಡಿಮೆ ಮಾಡಿ. ಹೆಂಡದ ವಿಷಯದಲ್ಲಿ ಈ ರಿಯಾಯಿತಿ ಇಲ್ಲ, ಎಎಫ್ ಕೆರಳಿಸುವುದರಲ್ಲಿ ಅದು ಮುಂದು.

ಹಂತ 9: ಶುಗರ್ ಇದ್ದವರಿಗೆ ಒಂದು ಹೆಚ್ಚಿನ ಪಾಠ

ಶುಗರ್ ತೀರಾ ಇಳಿದಾಗ ಎದೆ ಹೊಡೆದುಕೊಳ್ಳುವುದು, ಕೈ ನಡುಗುವುದು ಮೈ ಕೊಡುವ ಸೂಚನೆ. ಬೀಟಾ ಬ್ಲಾಕರ್ ಈ ಎರಡನ್ನೂ ಮುಚ್ಚಿಹಾಕಬಹುದು. ಬೆವರು ಮಾತ್ರ ಬರುತ್ತದೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಥರದ ಮಾತ್ರೆ ಇರುವವರು ಫ್ಯಾನ್ ಕೆಳಗೆ ಕೂತಿದ್ದರೂ ಬೆವರು ಇಳಿಯುತ್ತಿದ್ದರೆ, ಮಂಕು ಕವಿದ ಹಾಗಾದರೆ, ತಕ್ಷಣ ಗ್ಲುಕೋಮೀಟರಿನಲ್ಲಿ ನೋಡಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಯಿರಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಮೆಷಿನ್ ಇಲ್ಲದಿದ್ದರೆ ಸಕ್ಕರೆಯೇ ಮೊದಲು. ಈ ವಿಷಯ ಮನೆಯವರಿಗೂ ಗೊತ್ತಿರಲಿ.

ಹಂತ 10: ಯಾವಾಗ ಆಸ್ಪತ್ರೆಗೆ ಓಡಬೇಕು

ಎಚ್ಚರ ತಪ್ಪಿದರೆ, ಎದೆನೋವು ಬಂದರೆ, ಉಸಿರಾಡಲು ಕಷ್ಟವಾದರೆ, ಉಬ್ಬಸ ಶುರುವಾದರೆ, ನಾಡಿ ತೀರಾ ಇಳಿದು ಮೈ ತಣ್ಣಗೆ ಬೆವೆತರೆ, ಬಡಿತ ಜೋರಾಗಿ ಏರಿ ಕೂತರೂ ಇಳಿಯದೆ ತಲೆ ಸುತ್ತಿದರೆ 108ಕ್ಕೆ ಫೋನ್ ಮಾಡಿ. ಬಾಯಿ ಸೊಟ್ಟಗಾದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ಅದು ಲಕ್ವ, ಒಂದೊಂದು ನಿಮಿಷವೂ ಲೆಕ್ಕಕ್ಕೆ ಬರುತ್ತದೆ. ಯಾರಾದರೂ ತಪ್ಪಿ ಹೆಚ್ಚು ಮಾತ್ರೆ ನುಂಗಿದ್ದರೆ, ಅಥವಾ ಮಗು ಒಂದೇ ಒಂದು ಬಾಯಿಗೆ ಹಾಕಿಕೊಂಡರೂ, ‘ಈಗ ಚೆನ್ನಾಗೇ ಇದೆಯಲ್ಲ’ ಎಂದು ಕಾಯಬೇಡಿ. ಖಾಲಿ ಸ್ಟ್ರಿಪ್ ಸಮೇತ ಹೋಗಿ. ಎಕ್ಸ್‌ಎಲ್ ಮಾತ್ರೆಯ ಪರಿಣಾಮ ಗಂಟೆಗಳ ನಂತರ ಕಾಣಿಸಿಕೊಳ್ಳಬಹುದು. ಡವಡವ ಬಂದು ಹೋಗುವವರು ಹತ್ತಿರದ ಯಾವ ಆಸ್ಪತ್ರೆಯಲ್ಲಾದರೂ ಸರಿ, ಬಂದಿರುವ ಹೊತ್ತಲ್ಲೇ ಒಂದು ಇಸಿಜಿ ತೆಗೆಸಿಕೊಳ್ಳಿ. ಡಾಕ್ಟರಿಗೆ ಅದೊಂದು ಕಾಗದ ನೂರು ಮಾತಿಗಿಂತ ಹೆಚ್ಚು ಹೇಳುತ್ತದೆ.

ಹಂತ 11: ಆಪರೇಷನ್, ಹಲ್ಲು, ಪ್ರಯಾಣ

ಆಪರೇಷನ್ ಇದೆ ಎಂದು ಹಿಂದಿನ ದಿನ ಎಲ್ಲ ಮಾತ್ರೆ ನಿಲ್ಲಿಸಿಬಿಡುತ್ತಾರೆ. ಬೀಟಾ ಬ್ಲಾಕರ್ ಅನ್ನು ಸಾಮಾನ್ಯವಾಗಿ ಆ ದಿನ ಬೆಳಗ್ಗೆಯೂ ಒಂದು ಗುಟುಕು ನೀರಿನಲ್ಲಿ ಕೊಡುತ್ತಾರೆ. ಅರಿವಳಿಕೆ ಕೊಡುವ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಹಲ್ಲಿನ ಡಾಕ್ಟರಿಗೂ ಹೇಳಿ, ಅವರು ಮರಗಟ್ಟಿಸಲು ಕೊಡುವ ಇಂಜೆಕ್ಷನ್‌ನಲ್ಲಿ ಅಡ್ರಿನಲಿನ್ ಇರುತ್ತದೆ. ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ಇಸಿಜಿ ನೋಡುವ) ಪರೀಕ್ಷೆಗೆ ಮುಂಚೆ ಕೆಲವೊಮ್ಮೆ ಮಾತ್ರೆ ನಿಲ್ಲಿಸಲು ಹೇಳುತ್ತಾರೆ. ಯಾವತ್ತಿನಿಂದ, ಹೇಗೆ ಎಂದು ಅವರಿಂದಲೇ ಕೇಳಿಕೊಳ್ಳಿ.

ತಿರುಪತಿಗೋ ಮಗಳ ಮನೆಗೋ ಹೊರಟಾಗ ಮಾತ್ರೆಯನ್ನು ಕೈಚೀಲದಲ್ಲಿಡಿ, ದೊಡ್ಡ ಸೂಟ್‌ಕೇಸಿನಲ್ಲಿ ಅಲ್ಲ. ಮೂರು ನಾಲ್ಕು ದಿನಕ್ಕೆ ಜಾಸ್ತಿಯೇ ಇಟ್ಟುಕೊಳ್ಳಿ. ವಿದೇಶಕ್ಕೆ ಹೋಗುವವರು ಬ್ರ್ಯಾಂಡ್ ಹೆಸರಲ್ಲ, ಔಷಧದ ಹೆಸರು ಮತ್ತು ಎಂಜಿ ಬರೆದ ಚೀಟಿ ಒಯ್ಯಿರಿ. ಇಲ್ಲಿನ ಬ್ರ್ಯಾಂಡನ್ನು ಅಲ್ಲಿನ ಅಂಗಡಿಯವರು ಕೇಳಿರುವುದೇ ಇಲ್ಲ.